ಅವರಿಲ್ಲದೆಯೂ ಉರಿದ ಬೆಂಕಿ

ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಗ್ಯಾಸ್ ವಾಸನೆ ಬಂತು. ಒಲೆಯ ಗುಂಡಿ ಪೂರ್ತಿ ತಿರುಗಿರಲಿಲ್ಲ, ಅಷ್ಟೇ. ಕಿಟಕಿ ತೆಗೆದು ನಿಂತಾಗ, ಗುಜರಾತಿನ ಹಜೀರಾದ ಕಾಲನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನೆನಪಾದರು... ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಒಲೆಯ ಗುಂಡಿ ಮುಟ್ಟಿ ನೋಡಿ ಬಂದೇ ಕೂರುತ್ತಿದ್ದ ಮನುಷ್ಯ.

ಕುಂದಾಪುರದ ಕಡೆಯವರು. ಗ್ಯಾಸ್ ಪ್ಲಾಂಟಿನಲ್ಲಿ ನನ್ನ ಮೇಲಧಿಕಾರಿ. ರಜೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ತಾವು ಕಣ್ಣು ಮುಚ್ಚಿದರೆ ಪ್ಲಾಂಟೂ ಕಣ್ಣು ಮುಚ್ಚುತ್ತದೆ ಎಂದೇ ನಂಬಿದ್ದರು. ಒಂದು ದಿನ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸೂರತ್‌ನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಮರಳುವಾಗ ಕಾರಿನಲ್ಲಿ ನಾನೂ ಇದ್ದೆ. ಕಾಲನಿ ಹತ್ತಿರವಾಗುತ್ತಿದ್ದಂತೆ ಪ್ಲಾಂಟಿನ ಚಿಮಣಿಯ ತುದಿಯಲ್ಲಿ, ಹೆಚ್ಚಾದ ಗ್ಯಾಸನ್ನು ಹಗಲೂ ರಾತ್ರಿ ಸುಡುವ ಎಂದಿನ ಬೆಂಕಿ ಕಾಣಿಸಿತು. ಅದನ್ನೇ ನೋಡುತ್ತ ಅವರು ಅತ್ತುಬಿಟ್ಟರು. ಎದೆನೋವೆಂದುಕೊಂಡು ಅವರ ಹೆಂಡತಿ ಗಾಬರಿಯಾದರು.

ಮರುವರ್ಷ ಗದಗದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಳು. ದುರಸ್ತಿಯ ಶಟ್‌ಡೌನ್ ಮುಗಿಸಿ ಪ್ಲಾಂಟನ್ನು ಮತ್ತೆ ಚಾಲೂ ಮಾಡುವ ವಾರ ಅದು. ಫೋನ್ ಹಿಡಿದು ವರಾಂಡದಲ್ಲಿ ಶತಪಥ ಹಾಕುತ್ತಿದ್ದ ನನ್ನನ್ನು ಅವರು ಸಮುದ್ರದ ಕಡೆ ಕರೆದುಕೊಂಡು ಹೋದರು. ಇಳಿತದ ಹೊತ್ತು. ನೀರು ಎಲ್ಲೋ ದೂರ ಸರಿದು, ಕಣ್ಣು ಹಾಯುವವರೆಗೂ ಬರೀ ಕೆಸರು.

“ನಾ ಹ್ಯಾಂಗ ಹೋಗ್ಲಿ ಸರ್? ನಾ ಇಲ್ಲಂದ್ರ ಇಲ್ಲಿ...”

“ಎಂತ ಆಗ್ತದೆ? ಎಂತದೂ ಆಗುದಿಲ್ಲ ಮಾರಾಯ. ಈ ಸಮುದ್ರ ನಮ್ಮನ್ನು ಕೇಳಿ ಇಳಿದದ್ದಾ? ನಾನು ಸತ್ತೇ ಹೋಗಿದ್ರೂ ಆ ಬೆಂಕಿ ಉರೀತಿತ್ತು. ಆಸ್ಪತ್ರೆಯಿಂದ ಬಂದ ದಿನ ಅದು ಅವಮಾನ ಅನ್ನಿಸಿತು. ಈಗ ಅದನ್ನೇ ನೆನೆಸಿಕೊಂಡ್ರೆ ಚಂದ ನಿದ್ದೆ ಬರ್ತದೆ.” ನನ್ನ ಕಡೆ ತಿರುಗಿ ಹೇಳಿದರು: “ನಿನ್ನ ದಾರಿ ಕಾಯುವುದು ಅಮ್ಮ ಮಾತ್ರ. ಹೋಗು.”

ಹೋದೆ. ಅವ್ವನ ಕೊನೆಯ ದಿನಗಳಲ್ಲಿ ಅವಳ ಕೈ ನನ್ನ ಕೈಯೊಳಗಿತ್ತು. ತಿರುಗಿ ಬಂದಾಗ ಪ್ಲಾಂಟು ಸುಸೂತ್ರವಾಗಿ ನಡೆಯುತ್ತಿತ್ತು. ಜೊತೆಯವನೊಬ್ಬ, “ಅರೆ, ನೀವು ರಜೆಯಲ್ಲಿದ್ದಿರಾ?” ಎಂದು ಕೇಳಿದ. ಚುಚ್ಚಿತು. ಸರ್‌ಗೆ ದಕ್ಕಿದ ನಿದ್ದೆ ನನಗೆ ಇಂದಿಗೂ ಪೂರ್ತಿ ದಕ್ಕಿಲ್ಲ.

ಹೋದ ವರ್ಷ ವಡೋದರಾದ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಇಲ್ಲಿ, ಅಹಮದಾಬಾದಿನ ಕಚೇರಿಯಲ್ಲಿ, ಮೀಟಿಂಗಿನಲ್ಲಿ ಮಾತಾಡುತ್ತಿದ್ದೆ. ಎದ್ದು ಹೊರಗೆ ಬಂದೆ. ರಸ್ತೆಯಲ್ಲಿ ಆಟೋಗಳು ಓಡುತ್ತಲೇ ಇದ್ದವು. ಒಳಗೆ ನಾನು ಬಿಟ್ಟ ಮಾತನ್ನು ಬೇರೆ ಯಾರೋ ಮುಂದುವರಿಸಿದ್ದರು. ಸರ್ ಆಗಿದ್ದರೆ ಇದನ್ನು ಕಂಡು ನಗುತ್ತಿದ್ದರು. ನನಗೆ ಮಾತ್ರ, ಎಲ್ಲವೂ ಒಂದು ಗಳಿಗೆ ಅವರಿಗಾಗಿ ನಿಲ್ಲಬೇಕಿತ್ತು ಅನ್ನಿಸಿತು... ಈಗಲೂ ಅನ್ನಿಸುತ್ತದೆ.