ದೊಡ್ಡಮ್ಮನ ಪರ ಮಾತಾಡುವವರು ಯಾರು?

ನನ್ನ ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ತನ್ನ ನೆರಳನ್ನೂ ನಂಬುವವಳಲ್ಲ. ತರಕಾರಿಯವನು ತಾನಾಗಿ ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೆ, ಮೊದಲು ಆ ಟೊಮೆಟೊವನ್ನೇ ತಿರುಗಿಸಿ ನೋಡುತ್ತಾಳೆ. ಇಂಥವಳು ಹೊಟ್ಟೆಪಾಡಿಗೆ ಹಿಡಿದ ಕೆಲಸವೋ, ಊರವರ ಬಯೋಡೇಟಾ ಟೈಪು ಮಾಡಿಕೊಡುವುದು! ಮನುಷ್ಯ ತನ್ನನ್ನು ತಾನೇ ಹೊಗಳಿಕೊಳ್ಳುವ ಕಾಗದಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುವ ವಸ್ತು ಇನ್ನೇನಿದೆ?

ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ ಅವಳ ಅಂಗಡಿ. ಒಂದು ಕಂಪ್ಯೂಟರ್, ಕೆಮ್ಮುತ್ತಾ ಕಾಗದ ಬಿಡುವ ಪ್ರಿಂಟರ್, ಗಿರಾಕಿಗೊಂದು ಸ್ಟೂಲು. ಸ್ಟೂಲಿನ ಮೇಲೆ ಕೂತವನು "ಶ್ರಮಜೀವಿ, ಪ್ರಾಮಾಣಿಕ ಅಂತ ಹಾಕಿ ಮೇಡಂ" ಅಂದನೋ, ದೊಡ್ಡಮ್ಮನ ಬೆರಳು ಅಲ್ಲೇ ನಿಂತುಬಿಡುತ್ತಿತ್ತು.

"ಪ್ರಾಮಾಣಿಕ ಅಂತ ಕಳ್ಳನೂ ಬರೀತಾನೆ. ನೀನು ಏನು ಮಾಡಿದೀಯ, ಎಲ್ಲಿ ಮಾಡಿದೀಯ, ನೋಡಿದೋರು ಯಾರು? ಅದನ್ನ ಹೇಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಎಷ್ಟೋ ಜನ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು. ಉಳಿದವರು ಕೆಲಸ ಮಾಡಿ ತೋರಿಸಬೇಕಿತ್ತು. ಡ್ರೈವರ್ ಆದರೆ ಹಿಂದಿನ ಓಣಿಯಲ್ಲಿ ವ್ಯಾನು ರಿವರ್ಸ್ ತೆಗೆಯಬೇಕು. ಒಬ್ಬ ಟೈಲರ್ ಬಂದಾಗಲಂತೂ ನನ್ನ ಕೋಟನ್ನೇ ಅವನ ಮಡಿಲಿಗೆ ಹಾಕಿ, "ಗುಂಡಿಗೆ ಕಾಜಾ ಹಾಕು, ನೋಡೋಣ" ಎಂದಳು. ಅವನು ತುಟಿ ಬಿಗಿದುಕೊಂಡು, ಸರದಿಯಲ್ಲಿದ್ದ ಜನರ ಎದುರೇ ಹಾಕಿದ. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಎಳೆದಳು. ಆಮೇಲೆ ಟೈಪು ಮಾಡಿ, ಪುಟದ ಕೊನೆಗೆ ತನ್ನ ಮಾಮೂಲಿ ಸಾಲು ಸೇರಿಸಿದಳು: ‘ಮೇಲಿನ ಕೆಲಸವನ್ನು ಕಣ್ಣಾರೆ ನೋಡಿ ಟೈಪು ಮಾಡಲಾಗಿದೆ.’ ಇಂಥ ಸಾಲು ಯಾವ ಬಯೋಡೇಟಾದಲ್ಲೂ ಇರುವುದಿಲ್ಲ ಎಂದು ನಾನು ತಲೆ ಚಚ್ಚಿಕೊಂಡಿದ್ದೇನೆ. ಟೈಲರ್‌ಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸವಾಯಿತು. ಆದರೆ ಆಮೇಲೆ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಕಟ್ಟಡ ಕೆಡವುವ ಸುದ್ದಿ ಬಂತು. ಕೂದಲು ನರೆತ ಮೇಲೆ, ತಂಗಿಯ ಮನೆಯಲ್ಲಿ ಕೂತು ಉಣ್ಣುವುದೆಂದರೆ ದೊಡ್ಡಮ್ಮನಿಗೆ ಸಾವಿಗೆ ಸಮ. ಅಷ್ಟರಲ್ಲಿ ಒಂದು ಆಸ್ಪತ್ರೆಯ ಕಚೇರಿಗೆ, ಹೊಸದಾಗಿ ಸೇರುವವರ ಅರ್ಜಿ, ಪ್ರಮಾಣಪತ್ರ ಪರಿಶೀಲಿಸಲು ಜನ ಬೇಕಾಗಿದ್ದಾರೆ ಎಂಬ ಜಾಹೀರಾತು ನನ್ನ ಕಣ್ಣಿಗೆ ಬಿತ್ತು.

"ದೊಡ್ಡಮ್ಮ, ಇದು ನಿನಗೇ ಅಂತ ಮಾಡಿಟ್ಟಿರೋ ಕೆಲಸ!"

"ಅಷ್ಟು ಒಳ್ಳೆ ಕೆಲಸ ಖಾಲಿ ಯಾಕಿದೆ? ಮೊದಲಿದ್ದೋರು ಏನಾದ್ರು?"

ಕೊನೆಗೂ ಸ್ಟೂಲಿನ ಮೇಲೆ ಅವಳು ಕೂತಳು, ಕಂಪ್ಯೂಟರಿನ ಮುಂದೆ ನಾನು. ‘ದೀರ್ಘ ಅನುಭವ’ ಎಂದು ಟೈಪು ಮಾಡಿದೆ. "ಅಳಿಸು. ಬಹಳ ದಿನ ಕೆಟ್ಟ ಕೆಲಸ ಮಾಡಿದ್ರೂ ಅದು ದೀರ್ಘ ಅನುಭವಾನೇ." ‘ಸೂಕ್ಷ್ಮ ದೃಷ್ಟಿ’ ಎಂದೆ. "ಯಾರು ಹೇಳಿದ್ದು? ನೀನು. ನೀನು ನನ್ನ ತಂಗಿ ಮಗಳು." ಕೋಪ ನೆತ್ತಿಗೇರಿತು. ಆದರೂ ಅವಳು ಮಾಡಿದ ಕೆಲಸವನ್ನಷ್ಟೇ ಸರಳವಾಗಿ ಬರೆಯುತ್ತಾ ಹೋದೆ. ಓದಿದರೆ ನನಗೇ ನಂಬಿಕೆ ಬರುವಂತಿತ್ತು. ಉಳಿದದ್ದು ಒಂದೇ: ಅವಳ ಬಗ್ಗೆ ವಿಚಾರಿಸಲು, ನೆಂಟರಲ್ಲದ ಒಬ್ಬರ ಹೆಸರು ಮತ್ತು ಫೋನ್ ನಂಬರು.

ದೊಡ್ಡಮ್ಮ ಪರದೆಯ ಮೇಲಿನ ಆ ಖಾಲಿ ಜಾಗವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಎಲ್ಲರನ್ನೂ ಕಟಕಟೆಗೆ ನಿಲ್ಲಿಸಿದೀನಿ. ನನ್ನ ಪರ ಮಾತಾಡೋರು ಯಾರಿದಾರೆ ಹೇಳು?" ಎಂದಳು. ಅವಳು ಬೇಡಬೇಡವೆಂದರೂ ಕೇಳದೆ ಆ ಟೈಲರ್‌ನ ಹೆಸರನ್ನೂ, ಅವನ ಬಯೋಡೇಟಾದಲ್ಲಿದ್ದ ನಂಬರನ್ನೂ ಹಾಕಿದೆ.

ವಾರ ಕಳೆಯುವುದರೊಳಗೆ ಆಸ್ಪತ್ರೆಯಿಂದ ಫೋನ್ ಬಂತು. ಸಂದರ್ಶನಕ್ಕೆ ಬನ್ನಿ, ಆದರೆ ನೀವು ಕೊಟ್ಟ ನಂಬರಿನವರು ನಮ್ಮನ್ನೇ ಗದರಿಸಿ ಫೋನ್ ಇಟ್ಟರು, ಎಂದರು.

"ನೋಡಿದ್ಯಾ? ಕಾಜಾದ ಸೇಡು ತೀರಿಸ್ಕೊಂಡ" ಎಂದಳು ದೊಡ್ಡಮ್ಮ. ಗೆದ್ದವಳಂತೆ ಹೇಳಿದರೂ ಅವಳ ಕಣ್ಣು ಒದ್ದೆಯಾಗಿತ್ತು. ಆ ಟೈಲರ್‌ನ ಮೇಲೆ ನನಗೂ ಮೈಯೆಲ್ಲ ಉರಿಯಿತು. ಸಂದರ್ಶನವೂ ಅವಮಾನ ಮಾಡಲಿಕ್ಕೇ ಇರಬೇಕು ಅನಿಸಿತು. ಅನುಮಾನ ಅಂಟುರೋಗ, ಸುಳ್ಳಲ್ಲ.

ಆಸ್ಪತ್ರೆಯ ಕಚೇರಿಯಲ್ಲಿ ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ. ಒಳಗಿದ್ದ ಮುಖ್ಯಸ್ಥೆ ಕನ್ನಡಕ ತೆಗೆದಿಟ್ಟು ಮಾತು ಶುರು ಮಾಡಿದರು.

"ಎಂಥ ಮನುಷ್ಯನ ಹೆಸರು ಕೊಟ್ಟಿದೀರಮ್ಮ! 'ನೀವು ಆಸ್ಪತ್ರೆಯವರು ಅಂತ ನಾನು ಹೇಗೆ ನಂಬಲಿ? ಅವರ ವಿಷಯ ಫೋನಲ್ಲಿ ಕಂಡವರಿಗೆಲ್ಲ ಹೇಳಲ್ಲ' ಅಂತ ಕಟ್ ಮಾಡಿದ್ರು. ಮಾರನೇ ದಿನ ಕೊರಳಲ್ಲಿ ಟೇಪು ಹಾಕ್ಕೊಂಡೇ ಬಂದ್ರು. ಬೋರ್ಡ್ ಓದಿದ್ರು, ನನ್ನ ಗುರುತಿನ ಚೀಟಿ ನೋಡಿದ್ರು. ನಿಮಗೆ ಕೊಡೋ ಕುರ್ಚಿ ಯಾವುದು, ಅದರಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು, ಎಲ್ಲ ಕೇಳಿದ್ರು. ಆಮೇಲೆ, 'ಸರಿ, ಈಗ ಕೇಳಿ' ಅಂದ್ರು."

"ಏನಂದ?" ಎಂದಳು ದೊಡ್ಡಮ್ಮ.

"'ಆಯಮ್ಮ ಎಲ್ಲರೆದುರು ನನ್ನ ಮಾನ ತೆಗೆದ್ರು. ಇವತ್ತಿಗೂ ಸಿಟ್ಟಿದೆ. ಆದರೆ ಅವರು ನೋಡಿ ಬರೆದ ಮೇಲೆ, ನನ್ನ ಕೈಕೆಲಸದ ಬಗ್ಗೆ ಕಾರ್ಖಾನೆಯಲ್ಲಿ ಯಾರೂ ಎರಡನೇ ಮಾತು ಕೇಳಲಿಲ್ಲ' ಅಂದ್ರು. ನಮಗೆ ಬೇಕಾಗಿರೋದೂ ಅಷ್ಟೇ. ಸೋಮವಾರದಿಂದ ಬರ್ತೀರಾ?"

ಮೊದಲಿದ್ದವರು ಯಾಕೆ ಬಿಟ್ಟರು ಎಂಬ ಪ್ರಶ್ನೆ ದೊಡ್ಡಮ್ಮನ ನಾಲಿಗೆಯ ತುದಿಯಲ್ಲೇ ಇದೆಯೆಂದು ನನಗೆ ಗೊತ್ತಿತ್ತು. ಮುಖ್ಯಸ್ಥೆಗೂ ಗೊತ್ತಾಗಿರಬೇಕು.

"ಈ ಜಾಗ ಯಾಕೆ ಖಾಲಿ ಆಯ್ತು ಅಂತ ನಿಮಗೂ ಹೇಳ್ಲಾ?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇಡ. ಅವನು ಕೇಳಿದಾನಲ್ಲ, ಸಾಕು."