ಹನುಮವ್ವನ ಕುಮ್ಟೆ ಮೆಣಸು

ಕಟಪಾಡಿ ಪೇಟೆಯಲ್ಲಿ ಹನುಮವ್ವನ ಮೆಣಸಿನ ಚೀಲಗಳ ಹತ್ತಿರ ನಿಂತರೆ ನನಗೆ ಮೊದಲು ಭಯವೇ ಆಗುವುದು. ಮಗಳು ನಿಖಿತಾ ಕೈಹಾಕಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ? ಆದರೂ ಮೈಸೂರಿನಲ್ಲಿ ಓದಿ ಬೆಳೆದ ನನ್ನ ಗಾಬರಿ ಇಳಿಸಿದವರು ಅವರೇ. ಅತ್ತೆ ಕುಮ್ಟೆ ಮೆಣಸು ತರಲು ಕಳಿಸಿದಾಗ, ಅದೆಷ್ಟು ಖಾರವೋ, ಮಗುವಿನ ಹೊಟ್ಟೆ ಏನಾದೀತೋ ಎಂದು ಬೆವರಿದ್ದೆ.

"ಅಂಜಬ್ಯಾಡ್ರಿ ಅಕ್ಕಾರ. ನಮ್ಮ ಬ್ಯಾಡಗಿ ಕಾಯೀಗೇ ಇಲ್ಲಿ ಕುಮ್ಟೆ ಅಂತಾರ. ಬಣ್ಣ ಬಾಳ, ಖಾರ ಕಡಿಮಿ."

ಹನುಮವ್ವ ಗದಗದ ಕಡೆಯವರು. ಗಂಡ ಮಾನಪ್ಪನ ಜೊತೆ ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊರಲು ಬಂದವರು, ಊರಿನಿಂದ ತಂದ ಒಂದು ಚೀಲ ಮೆಣಸಿನಕಾಯಿ ಮಾರಿ ಈ ವ್ಯಾಪಾರ ಹಿಡಿದರು. ಇಲ್ಲಿ ತುಳುವರಿಗೆ ಅದು ಮುಂಚಿ, ಕೊಂಕಣಿಯವರಿಗೆ ಮಿರ್ಸಾಂಗ್. ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುತ್ತಾರೆ. ಹನುಮವ್ವ ಹೆಸರಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. "ಏನ್ ಅಡಿಗಿ ಮಾಡ್ತೀರಿ, ಅದನ್ನ ಹೇಳ್ರಿ" ಎಂದು ಕೇಳಿಯೇ ಚೀಲದ ಬಾಯಿ ಬಿಚ್ಚುವುದು.

ಮೊನ್ನೆ ಅಕಾಲದ ಮಳೆ ನಿಂತ ಬೆಳಿಗ್ಗೆ, ಮದುವೆ ಅಡುಗೆ ವಹಿಸಿಕೊಳ್ಳುವ ಬೆಂಜಮಿನ್ ಬಂದರು. ಕ್ರೈಸ್ತರ ಮದುವೆಯ ಮಾಂಸದಡುಗೆಗೆ ಹಾಕುವ ಬಫಾತ್ ಮಸಾಲೆಗೆ ಮೆಣಸು ಬೇಕಿತ್ತು. ಹಿಡಿಸಿದರೆ ಈ ಸಲದ ಎಲ್ಲ ಮದುವೆಗಳಿಗೂ ಇಲ್ಲಿಂದಲೇ. ಹನುಮವ್ವ ಇಂಥ ಗಿರಾಕಿಗಾಗಿಯೇ ಕಾದಿದ್ದವರು. ಬೆಂಜಮಿನ್ ತೋರಿಸಿದ ಚೀಲದಿಂದ ಹನುಮವ್ವ ಒಂದು ಮೆಣಸು ತೆಗೆದು ಮುರಿಯಲು ನೋಡಿದರು. ಅದು ಮುರಿಯಲಿಲ್ಲ, ಬಾಗಿತು.

"ಇದನ್ನ ಕೊಡಂಗಿಲ್ರಿ. ಥಂಡಿ ಹಿಡದೈತಿ. ಬಿಸಲಿಗೆ ಹಾಕಿ ನಾಳೆ ಕೊಡ್ತೀನಿ."

"ಎಂತ ಮಾರಾಯ್ತಿ, ಬಂದ ಗಿರಾಕಿಯನ್ನೇ ಓಡಿಸುವುದಾ? ಕಾರ್ಕಳದಲ್ಲಿ ಬೇರೆ ಅಂಗಡಿ ಉಂಟು."

"ಹೋಗಿ ಬರ್ರಿ. ನಿಮ್ಮ ಬಫಾತಿನ ಬಣ್ಣ ಕೆಟ್ಟರ ಬೈಸ್ಕೊಳ್ಳಾಕಿ ನಾನು."

ಬೆಂಜಮಿನ್ ಸ್ಕೂಟರ್ ಹತ್ತಿ ಹೋಗಿಯೇಬಿಟ್ಟರು. ಕಷ್ಟ ಹನುಮವ್ವನದು, ಸಂಕಟ ನನಗೆ. ಅವರ ಬಾಡಿಗೆ ಕೋಣೆಗೆ ಅಂಗಳವೂ ಇಲ್ಲ.

"ನಮ್ಮ ಟೆರೇಸಿನಲ್ಲಿ ಒಣಗಿಸಿ" ಎಂದುಬಿಟ್ಟೆ. ಆಮೇಲೆ ನಿಖಿತಾ ಮೇಲೆ ಹೋದಾಳೆಂದು ಚಿಲಕವನ್ನು ಮತ್ತೆ ಮತ್ತೆ ನೋಡಿದ್ದೇ ಕೆಲಸ.

ಮರುದಿನ ಮಧ್ಯಾಹ್ನ ಹನುಮವ್ವ ಟೆರೇಸಿನಲ್ಲಿ ಮೆಣಸು ತಿರುವುತ್ತ ಕೂತಿದ್ದಾಗ ಬೆಂಜಮಿನ್ ವಿಚಾರಿಸಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು.

"ಕಾರ್ಕಳದ ಅಂಗಡಿಯದನ್ನೂ ಮುರಿದು ನೋಡಿದೆ. ಅದೂ ಬಾಗುತ್ತದೆ. ಆದರೆ ಅವರು ಹೇಳಲೇ ಇಲ್ಲ, ನೋಡಿ."

ಬಿಸಿಲಲ್ಲಿ ಕೆಂಪಗೆ ಹರಡಿದ್ದ ಮೆಣಸಿನಲ್ಲಿ ಒಂದನ್ನು ಎತ್ತಿಕೊಂಡರು. ಟಕ್ಕೆಂದು ಮುರಿಯಿತು.

"ಕಟ್ಟು ಚೀಲ. ಮದುವೆಗಳಿಗೆಲ್ಲ ನಿನ್ನದೇ. ಇದಕ್ಕೆ ನಿಮ್ಮೂರಲ್ಲಿ ಎಂತ ಹೇಳುವುದು?"

ಹನುಮವ್ವ ಸೆರಗು ಕೊಡವಿ ಎದ್ದು ನಿಂತರು.

"ನಮ್ಮೂರಾಗ ಬ್ಯಾಡಗಿ. ಇಲ್ಲಿ ಇನ್ಮ್ಯಾಲೆ ಹನುಮವ್ವನ ಕಾಯಿ ಅನ್ರಿ."