ಹಸಿರು ನೂಲು ಕಟ್ಟಿದ ದಾರಿ

ಕಪ್ಪತಗುಡ್ಡದ ಕಣಿವೆಗೆ ನಡೆದು ಹೋಗಬೇಕೆಂಬುದು ಮೊದಲು ನನ್ನ ಹಟವಾಗಿರಲಿಲ್ಲ, ನಮ್ಮ ಯಜಮಾನರು ಹಾಕಿದ ಷರತ್ತಾಗಿತ್ತು. ಹಟ ಆಮೇಲೆ ಬಂತು.

ನನಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಮಾತು ತಿರುಗಿ ಬಂತು, ಕೈ ಬಂತು. ಎಡಗಾಲು ಮಾತ್ರ ಕರೆಯದ ನೆಂಟನಂತೆ ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಣಿಮಗ್ಗ ಇದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎರಡು ಹಲಗೆಗಳನ್ನು ಎಡಗಾಲಲ್ಲೊಮ್ಮೆ ಬಲಗಾಲಲ್ಲೊಮ್ಮೆ ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಎರಡಾಗಿ ಬಾಯಿ ತೆರೆಯುತ್ತವೆ, ನಡುವೆ ಲಾಳಿ ಓಡುತ್ತದೆ. ಮದುವೆಯಾದಾಗಿನಿಂದ ಅದರ ಮುಂದೆ ಕೂತವಳು ನಾನು. ಅವರು ಗದಗಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವರು. ಒಂದೇ ಕಾಲಲ್ಲಿ ಸೀರೆ ಆಗುವುದಿಲ್ಲ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿರೆಂದು ನಾದಿನಿ ಹೇಳಿದ ದಿನ ನಾನು ಊಟ ಬಿಟ್ಟೆ. ಅಂದಿನಿಂದ ಆ ಕೋಣೆಯ ಬಾಗಿಲನ್ನೂ ತೆರೆಯಲಿಲ್ಲ, ನೋಡಿದರೆ ಅಳು ಬರುತ್ತಿತ್ತು.

ಆಗ ಯಜಮಾನರು ಅಂದರು, “ಗುಡ್ಡದಾಗಿನ ಹಳ್ಳಕ್ಕ ಇಳದು, ಯಾರ ಕೈನೂ ಹಿಡೀಲಾರದ ಮ್ಯಾಲ ಹತ್ತಿ ಬಾ. ಬಂದಿ, ಮಗ್ಗ ನಿಂದು. ಬರಲಿಲ್ಲಾ, ಬಿಚ್ಚಿ ಇಡೋಣು.”

“ಆತು” ಎಂದೆ. ಮರುದಿನದಿಂದಲೇ ಅಂಗಳದಲ್ಲಿ ಗೋಡೆ ಮುಟ್ಟದೆ ನಡೆಯತೊಡಗಿದೆ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮುಂಜಾನೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಡಂಬಳದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಅದು ನಮ್ಮನ್ನು ಕಣಿವೆಯ ನೆತ್ತಿಯ ಮೇಲೆ ಇಳಿಸಿ ಹೋಯಿತು. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಳಗೆ ನೋಡಿದರೆ ಬರೀ ಹಸಿರು. ನಮ್ಮ ಕಡೆಯ ಸೀಮೆಯಲ್ಲಿ ಇಷ್ಟು ಹಸಿರು ಇದೆಯೆಂದು ನಾನೇ ನಂಬುತ್ತಿರಲಿಲ್ಲ. ಹಳ್ಳ ಕಾಣುತ್ತಿರಲಿಲ್ಲ, ಅದರ ಸಪ್ಪಳ ಮಾತ್ರ ಬರುತ್ತಿತ್ತು.

ದನಗಳು ತುಳಿದ ದಾರಿ ಅಲ್ಲಲ್ಲಿ ಕವಲೊಡೆಯುತ್ತದೆ. ತಿರುಗಿ ಬರುವಾಗ ತಪ್ಪಬಾರದೆಂದು ಅವರು ಪ್ರತಿ ಕವಲಿನಲ್ಲೂ ಜೇಬಿನಿಂದ ನೂಲಿನ ತುಂಡು ತೆಗೆದು ಗಿಡಕ್ಕೆ ಕಟ್ಟುತ್ತ ಬಂದರು. ನೇಕಾರರ ಮನೆಯವರ ಜೇಬಿನಲ್ಲಿ ನೂಲು ಇಲ್ಲದೆ ಇನ್ನೇನು ಇರುತ್ತದೆ? ನಾನು ಅತ್ತ ಲಕ್ಷ್ಯ ಕೊಡಲಿಲ್ಲ. ನನ್ನ ಲಕ್ಷ್ಯವೆಲ್ಲ ಕಾಲಲ್ಲಿತ್ತು. ಎಡಗಾಲು ತುಳಿ, ಬಲಗಾಲು ತುಳಿ ಎಂದು ಬಾಯಲ್ಲೇ ಅನ್ನುತ್ತ, ಮಗ್ಗದ ಮುಂದೆ ಕೂತ ಹಾಗೆಯೇ ಇಳಿದೆ.

ಹಳ್ಳದ ಹತ್ತಿರ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರಿ ದೊಪ್ಪನೆ ಕೂತೆ. ಅವರು ಓಡಿ ಬಂದು ಕೈ ಚಾಚಿದರು.

“ಮುಟ್ಟಬ್ಯಾಡ್ರಿ!” ಎಂದು ಕೂಗಿದೆ. ನನ್ನ ದನಿಗೆ ನವಿಲೊಂದು ಪೊದೆಯಿಂದ ಹಾರಿತು.

ಬಂಡೆ ಹಿಡಿದು, ಬೇರು ಹಿಡಿದು, ನಾನೇ ಎದ್ದೆ. ಬಂಡೆಯನ್ನು ಹಿಡಿಯಬಾರದೆಂದು ಷರತ್ತಿನಲ್ಲಿ ಇರಲಿಲ್ಲವಲ್ಲ. ನೀರಿನಲ್ಲಿ ಎರಡೂ ಕಾಲು ಇಳಿಬಿಟ್ಟು ರೊಟ್ಟಿ ತಿಂದೆವು. ಬಲಗಾಲಿಗೆ ತಂಪು ತಿಳಿಯಿತು, ಎಡಗಾಲಿಗೆ ಇಲ್ಲ.

ಹತ್ತುವಾಗ ಫಜೀತಿ ಶುರುವಾಯಿತು. ಕಟ್ಟಿದ ನೂಲು ಒಂದೂ ಕಾಣಲಿಲ್ಲ. ಹಸಿರು ಗಿಡಗಳಿಗೆ ಈ ಮಹಾರಾಯರು ಹಸಿರು ನೂಲು ಕಟ್ಟಿದ್ದರು!

“ಕೆಂಪಂದು ಸಿಗಲಿಲ್ಲೇನ್ರಿ ನಿಮಗ?”

“ಕಿಸೇದಾಗ ಇದ್ದದ್ದು ಕಟ್ಟೀನಿ” ಎಂದು ತಲೆ ಕೆರೆದುಕೊಂಡರು.

ಹರಿದ ಎಳೆಯನ್ನು ಸಾವಿರ ಎಳೆಗಳ ನಡುವೆ ಹುಡುಕುವುದೇ ನನ್ನ ಜನ್ಮದ ಕೆಲಸ. ಅವರನ್ನು ಹಿಂದಕ್ಕೆ ಸರಿಸಿ ನಾನು ಮುಂದಾದೆ. ಮೊದಲ ಕವಲಿನಲ್ಲಿ ಒಂದು ಸಿಕ್ಕಿತು. ಮುಂದಿನ ಕವಲಿನಲ್ಲಿ ಸಿಕ್ಕಿದ್ದನ್ನು ಬಿಚ್ಚಿ ಬೆರಳಲ್ಲಿ ಹಿಸುಕಿ ನೋಡಿದೆ. ಹೊಸ ನೂಲು. ಗಂಜಿಯ ಬಿರುಸು ಹಾಗೆಯೇ ಇತ್ತು. ಮೂರನೆಯದೂ ಅಷ್ಟೇ, ಗೇಣುದ್ದದ ತುಂಡು. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಒಂದೊಂದೇ ಎಳೆಯಾಗಿ ಕೆಚ್ಚುವಾಗ, ಅಂದರೆ ಹೊಸೆದು ಕೂಡಿಸುವಾಗ, ಉಳಿಯುವ ತುಂಡುಗಳು ಹೀಗಿರುತ್ತವೆ. ಕಾಯಿಲೆಗೆ ಮುಂಚೆ ನಾನು ನೇಯುತ್ತಿದ್ದದ್ದು ನೀಲಿ ಸೀರೆ, ಈ ಹಸಿರು ನಾನು ಕೆಚ್ಚಿದ್ದಲ್ಲ.

ಬಿಚ್ಚಿದ ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡು ಮುಂದೆ ನಡೆದೆ. ಯಾರ ಕೈಯನ್ನೂ ಹಿಡಿಯದೆ ನೆತ್ತಿ ಮುಟ್ಟಿದೆ. ಅವರ ಕಡೆ ತಿರುಗಿ, “ಎಷ್ಟು ಎಳಿ ಕೆಚ್ಚೀರಿ?” ಎಂದೆ.

ಅವರು ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತರು. ಇಲಿ ಓಡಿಸುತ್ತೇನೆಂದು ದಿನಾ ಸಂಜೆ ಮಗ್ಗದ ಕೋಣೆಗೆ ಹೋಗುತ್ತಿದ್ದದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು.

“ಅರ್ಧಾ.”

“ಉಳದದ್ದು?”

“ನೀ ಹತ್ತಿ ಬರತಿಯೋ ಇಲ್ಲೋ ಅಂತ ಅಂಜಿಕಿ ಬಂತು. ಪೂರಾ ಮಾಡಿಟ್ಟು, ನೀ ಕುಂಡ್ರಾಕ ಆಗಲಿಲ್ಲಂದ್ರ ಅದನ್ನ ಹ್ಯಾಂಗ ನೋಡಲಿ? ಅರ್ಧಕ್ಕ ಬಿಟ್ಟೆ.”

ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಎಂಟು ತಿಂಗಳು ನನ್ನೊಬ್ಬಳಿಗೇ ಅಂಜಿಕೆ ಎಂದುಕೊಂಡಿದ್ದೆ.

ಮರುದಿನ ಕೋಣೆಯ ಬಾಗಿಲನ್ನು ನಾನೇ ತೆರೆದೆ. ಅವರು ಕೆಚ್ಚಿದ ಅರ್ಧದಲ್ಲಿ ಎಳೆದರೆ ಜಾರುವ ಎಳೆಗಳೇ ಹೆಚ್ಚು. ಅವನ್ನೆಲ್ಲ ಬಿಚ್ಚಿ, ಮೊದಲಿನಿಂದ ಕೆಚ್ಚಿದೆ. ಮೂರು ದಿನ ಹಿಡಿಯಿತು. ಆಮೇಲೆ ಕುಣಿಯಲ್ಲಿ ಇಳಿದು ಕೂತು, ಎಡಗಾಲನ್ನು ಕೈಯಿಂದ ಎತ್ತಿ ಹಲಗೆಯ ಮೇಲಿಟ್ಟು ತುಳಿದೆ. ಹಲಗೆ ಕಾಲಿಗೆ ತಿಳಿಯಲಿಲ್ಲ. ಕಣ್ಣೆದುರಿಗೆ ಹಸಿರು ಎಳೆಗಳು ಎರಡಾಗಿ ಬಾಯಿ ತೆರೆದವು.